ಕೂದಲಿನ ಕಾಲಮಾನ

ಭಾನುವಾರ ಬೆಳಿಗ್ಗೆ ವಾಸ್ಕೊದ ಸಲೂನುಗಳಲ್ಲಿ ಖಾಲಿ ಕುರ್ಚಿ ಸಿಗುವುದು ಕಷ್ಟ. ಬಂದರಿನಲ್ಲಿ, ಮೀನಿನ ಜೆಟ್ಟಿಯಲ್ಲಿ, ಝುವಾರಿನಗರದ ಆಸುಪಾಸಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ವಾರವಿಡೀ ದುಡಿದ ಹುಡುಗರು ಅಂದು ಕಟಿಂಗಿಗೆ ಸರದಿ ಕಾಯುತ್ತಾರೆ. ಕೊಂಕಣಿ, ಹಿಂದಿಯ ನಡುವೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕನ್ನಡವೂ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಕತ್ತರಿಯ ಕೆಲಸ ಮುಗಿದ ಮೇಲೆ ಕ್ಷೌರಿಕ ಕೈಗನ್ನಡಿ ಎತ್ತಿ ತಲೆಯ ಹಿಂಬದಿ ತೋರಿಸುತ್ತಾನೆ. ದಿನವೂ ಕಣ್ಣಿಗೆ ಬೀಳದ ನೆತ್ತಿ ಆ ಗಳಿಗೆಯಲ್ಲಿ ಕಾಣುತ್ತದೆ. "ಮ್ಯಾಲ ಸ್ವಲ್ಪ ತೆಳ್ಳಗಾಗ್ಯಾವ ನೋಡ್ರಿ" ಎಂಬ ಒಂದು ಮಾತು ಇಪ್ಪತ್ತೆರಡರ ಹುಡುಗನ ನಿದ್ದೆ ಕೆಡಿಸಲು ಸಾಕು.

ಅಲ್ಲಿಂದ ಸಲಹೆಗಳ ಸುರಿಮಳೆ. ಗೋವಾದ ನೀರು ಹಿಡಿಸಿಲ್ಲ ಎನ್ನುತ್ತಾನೆ ಒಬ್ಬ. ಹೆಲ್ಮೆಟ್ಟಿನಿಂದ ಹೀಗಾಯಿತು ಎನ್ನುತ್ತಾನೆ ಇನ್ನೊಬ್ಬ. ಈರುಳ್ಳಿ ರಸ, ಹರಳೆಣ್ಣೆ, ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಂಬ ಭರವಸೆ. ಮೊಬೈಲಿನಲ್ಲಿ ಒಮ್ಮೆ ಹುಡುಕಿದರೆ ಮುಗಿಯಿತು, ಆಮೇಲೆ ತಿಂಗಳುಗಟ್ಟಲೆ ಅದೇ ಜಾಹೀರಾತು.

ಇದನ್ನು ಬರೀ ಶೋಕಿಯ ಚಿಂತೆ ಎಂದು ತಳ್ಳಿಹಾಕುವವರೊಡನೆ ನನಗೆ ಸಹಮತವಿಲ್ಲ. ಊರಿನಲ್ಲಿ ಹೆಣ್ಣು ನೋಡುವ ಮಾತು ಶುರುವಾದಾಗ ಹುಡುಗನ ಫೋಟೊದಲ್ಲಿ ಮೊದಲು ಕಾಣುವುದು ಹಣೆ. ರಾಜ್ ಬಿ. ಶೆಟ್ಟಿ 2017ರಲ್ಲಿ ತೆರೆಗೆ ತಂದ 'ಒಂದು ಮೊಟ್ಟೆಯ ಕಥೆ' ಸಿನಿಮಾ ಇದೇ ನೋವಿನ ಸುತ್ತ ಹೆಣೆದದ್ದು. ತಲೆಗೂದಲಿಗೂ ಮಾನಕ್ಕೂ ಇರುವ ನಂಟು ಗೋವಾದ ನೆಲದಲ್ಲಂತೂ ಹಳೆಯದು: ಪೋರ್ಚುಗೀಸ್ ಆಡಳಿತ 1704ರಲ್ಲಿ ಇಲ್ಲಿನ ಹಿಂದೂಗಳ ಮೇಲೆ ಜುಟ್ಟಿನ ಹೆಸರಿನಲ್ಲೇ 'ಶೆಂಡಿ' ತೆರಿಗೆ ಹೇರಿತ್ತು. ಅದು ರದ್ದಾದದ್ದು 1840ರಲ್ಲಿ.

ಗಂಡಸರ ಆನುವಂಶಿಕ ಕೂದಲುದುರುವಿಕೆಗೆ ದಶಕಗಳ ಪರೀಕ್ಷೆ ದಾಟಿ ಬಂದ ಎರಡು ಔಷಧಗಳಿವೆ. ಎರಡೂ ಚೆನ್ನಾಗಿ ಕೆಲಸ ಮಾಡುವುದು ನೆತ್ತಿ ಇನ್ನೂ ತೆಳುವಾಗುತ್ತಿರುವ ಹಂತದಲ್ಲೇ. ಆದರೂ ಅನೇಕರು ಔಷಧ ಫಲ ಕೊಡಲಿಲ್ಲವೆಂದು ಕೈಬಿಡುತ್ತಾರೆ. ಕೂದಲು ತಿಂಗಳು, ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ನಾವು ಅದನ್ನು ವಾರದ ಲೆಕ್ಕದಲ್ಲಿ ಅಳೆಯುತ್ತೇವೆ.

ನೀರಿನ ಮೇಲೆ ಹೊರಿಸಿದ ಅಪವಾದ

ಊರು ಬಿಟ್ಟು ಬಂದವರಿಗೆ ಹೊಸ ಊರಿನ ನೀರಿನ ಮೇಲೆ ಅನುಮಾನ ಬರುವುದು ಸಹಜ. ಬೆಂಗಳೂರಿಗೆ ಹೋದವರು ಬೋರ್‌ವೆಲ್ ನೀರನ್ನು ದೂರುತ್ತಾರೆ, ಗೋವಾಕ್ಕೆ ಬಂದವರು ಇಲ್ಲಿನ ಬಾವಿಯನ್ನು. ಗಡಸು ನೀರು ಕೂದಲಿನ ಎಳೆಯನ್ನು ಒರಟಾಗಿಸಬಹುದು, ಸೋಪು ಸರಿಯಾಗಿ ಹೋಗದಂತೆ ಮಾಡಬಹುದು. ಆದರೆ ಕೂದಲು ಹುಟ್ಟುವುದು ಚರ್ಮದ ಕೆಳಗಿರುವ ಬುಡದಲ್ಲಿ. ತಲೆಗೆ ಸುರಿದ ನೀರು ಆ ಬುಡವನ್ನು ಕುಗ್ಗಿಸಲಾರದು. ಹೆಲ್ಮೆಟ್ ಕೂಡ ಅಷ್ಟೇ. ಬೆವರು, ತುರಿಕೆ, ಹೊಟ್ಟು ತರಬಹುದು, ಬೊಕ್ಕತಲೆ ತರುವುದಿಲ್ಲ. ಅದನ್ನು ತೆಗೆದಿಟ್ಟು ಬೈಕ್ ಓಡಿಸುವ ಹುಡುಗ ಉಳಿಸಿಕೊಳ್ಳುವುದು ಏನೂ ಇಲ್ಲ.

ಹಾಗಿದ್ದರೆ ಊರು ಬದಲಿಸಿದ ಮೇಲೆ ಕೂದಲು ಉದುರಿದ್ದು ಸುಳ್ಳೇ? ಸುಳ್ಳಲ್ಲ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ ಬಂದಾಗ, ಊಟ ದಿಢೀರನೆ ಕಡಿಮೆಯಾದಾಗ, ಮೈಯೋ ಮನಸ್ಸೋ ದೊಡ್ಡ ಏಟು ತಿಂದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಜಾರುತ್ತದೆ. ಅದು ಉದುರುವುದು ಎರಡು ಮೂರು ತಿಂಗಳ ನಂತರ. ಜುಲೈ ಮಳೆಯಲ್ಲಿ ಜ್ವರ ಹಿಡಿದವನ ಬಾಚಣಿಗೆಯಲ್ಲಿ ಅಕ್ಟೋಬರಿನಲ್ಲಿ ಕೂದಲು ಗೊಂಚಲಾಗಿ ಬರುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ನೀರು ಕಣ್ಣೆದುರೇ ಇರುತ್ತದೆ. ಇಂಥ ಉದುರುವಿಕೆ ತಲೆಯ ಎಲ್ಲ ಕಡೆಯಿಂದಲೂ ಆಗುತ್ತದೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ.

ಆನುವಂಶಿಕ ಬೊಕ್ಕತನದ ನಡೆ ಬೇರೆ. ಅದು ಹಣೆಯ ಎರಡು ಮೂಲೆಗಳಿಂದಲೋ ನೆತ್ತಿಯ ಸುಳಿಯಿಂದಲೋ ಶುರುವಾಗುತ್ತದೆ. ಕಿವಿಯ ಮೇಲಿನ, ಹಿಂದಲೆಯ ಕೂದಲಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಉದುರಿದ್ದೇ ಗೊತ್ತಾಗದು, ಎಳೆಗಳು ಸದ್ದಿಲ್ಲದೆ ಸಣ್ಣಗಾಗುತ್ತ ಹೋಗುತ್ತವೆ. ಚರ್ಮವೈದ್ಯರು ಚಿಕ್ಕ ದೀಪವಿರುವ ಡರ್ಮೊಸ್ಕೋಪ್ ಎಂಬ ಭೂತಗನ್ನಡಿಯಿಂದ ನೆತ್ತಿ ನೋಡುತ್ತಾರೆ. ದಪ್ಪ ಎಳೆಯ ಪಕ್ಕದಲ್ಲೇ ತೆಳು ಎಳೆಗಳು ಬೆರೆತಿದ್ದರೆ ರೋಗ ಯಾವುದೆಂದು ಅಲ್ಲೇ ತಿಳಿಯುತ್ತದೆ. ದುಂಡಗೆ ಬಿಲ್ಲೆಯಂತೆ ಕೂದಲು ಹೋಗಿದ್ದರೆ, ಹುಣ್ಣು, ಕೆಂಪು, ಕೀವು ಇದ್ದರೆ ಅದು ಬೇರೆಯೇ ಕಾಯಿಲೆ, ಈ ಲೇಖನದ ಔಷಧಗಳು ಅದಕ್ಕಲ್ಲ. ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜು 1842ರಲ್ಲಿ ಶುರುವಾದ ವೈದ್ಯಶಾಲೆಯ ಮುಂದುವರಿಕೆ. ಅಲ್ಲಿನ ಚರ್ಮರೋಗ ವಿಭಾಗದಂಥ ಕಡೆ ಒಂದು ಬೆಳಿಗ್ಗೆ ಕಳೆಯುವುದು ಆರು ತಿಂಗಳ ಎಣ್ಣೆಯ ಖರ್ಚನ್ನು ಉಳಿಸಬಹುದು.

ಬುಡದಲ್ಲಿ ನಡೆಯುವುದೇನು

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿದೆ. ಪ್ರತಿ ಎಳೆಯೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದ ಇಳಿಗಾಲ, ಮೂರು ತಿಂಗಳ ವಿಶ್ರಾಂತಿ. ನಂತರ ಉದುರಿ, ಅದೇ ಬುಡದಿಂದ ಹೊಸ ಎಳೆ ಮೂಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯದ ಲಕ್ಷಣವೇ.

ಬೊಕ್ಕತನದಲ್ಲಿ ಈ ಚಕ್ರ ಗಿಡ್ಡವಾಗುತ್ತದೆ. ಬೆಳೆಯುವ ಕಾಲ ವರ್ಷಗಳಿಂದ ತಿಂಗಳಿಗೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಬುಡ ಕಿರಿದಾಗಿ, ಎಳೆ ಸಣ್ಣಗಾಗಿ, ಕೊನೆಗೆ ಕಣ್ಣಿಗೆ ಕಾಣದ ನವಿರು ಮಾತ್ರ ಉಳಿಯುತ್ತದೆ.

ಇದನ್ನು ಮಾಡಿಸುವ ವಸ್ತು ಗಂಡು ಹಾರ್ಮೋನಿನಿಂದಲೇ ಹುಟ್ಟುತ್ತದೆ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ತಲೆ ಬೋಳಾಗುವುದಿಲ್ಲ, ಅವರಿಗೆ ಹಾರ್ಮೋನ್ ಕೊಟ್ಟರೆ ಮನೆತನದಲ್ಲಿ ಬೊಕ್ಕತನವಿದ್ದವರಲ್ಲಿ ಅದು ಶುರುವಾಗುತ್ತದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. ಟೆಸ್ಟೊಸ್ಟೆರೋನನ್ನು ನಮ್ಮ ದೇಹದ ಒಂದು ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಪ್ರಬಲ ರೂಪಕ್ಕೆ ತಿರುಗಿಸುತ್ತದೆ. ಕೆಲವರ ನೆತ್ತಿಯ ಬುಡಗಳು ಹುಟ್ಟಿನಿಂದಲೇ ಡಿಎಚ್‌ಟಿಗೆ ಸೋಲುತ್ತವೆ. ಹಾರ್ಮೋನ್ ಹೆಚ್ಚಾಗಿದೆ ಎಂದೇನಲ್ಲ, ಬುಡಕ್ಕೆ ಅದನ್ನು ತಾಳುವ ಶಕ್ತಿಯಿಲ್ಲ, ಅಷ್ಟೇ. ಜಿಮ್ಮಿನಲ್ಲಿ ಮೈ ಕಟ್ಟಲು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರಿಗೆ ಇದು ಬೇಗ ಬರುವುದು ಈ ಕಾರಣಕ್ಕೇ.

ಸೋದರಮಾವನ ತಲೆ ನೋಡಿದರೆ ಅಳಿಯನ ಭವಿಷ್ಯ ಗೊತ್ತಾಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಖ್ಯ ಜೀನ್ ಒಂದು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಆದರೆ 52 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಗಂಡಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಬೊಕ್ಕತನಕ್ಕೆ ಸಂಬಂಧಿಸಿದ 287 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ 40 ಮಾತ್ರ ಎಕ್ಸ್ ವರ್ಣತಂತುವಿನವು. ಅಪ್ಪನ ಕಡೆಯ ಪಾಲೂ ಸಣ್ಣದಲ್ಲ.

ಎರಡು ಔಷಧಗಳು ಬಂದ ದಾರಿ

ಮಿನಾಕ್ಸಿಡಿಲ್ ಮೊದಲಿಗೆ ರಕ್ತದೊತ್ತಡದ ಮಾತ್ರೆ. ಅಮೆರಿಕದಲ್ಲಿ 1979ರಲ್ಲಿ ಆ ಉದ್ದೇಶಕ್ಕೆ ಒಪ್ಪಿಗೆ ಪಡೆಯಿತು. ಅದನ್ನು ನುಂಗಿದ ರೋಗಿಗಳ ಮುಖ, ತೋಳುಗಳಲ್ಲಿ ಕೂದಲು ದಟ್ಟವಾಗಿ ಬೆಳೆದದ್ದನ್ನು ಕಂಡ ವೈದ್ಯರು ತಲೆಗೆ ಹಚ್ಚಿ ನೋಡಿದರು. 1988ರಲ್ಲಿ ಹಚ್ಚುವ ದ್ರಾವಣಕ್ಕೆ ಒಪ್ಪಿಗೆ ಸಿಕ್ಕಿತು. ಇದು ಡಿಎಚ್‌ಟಿಯ ಗೊಡವೆಗೆ ಹೋಗುವುದಿಲ್ಲ. ವಿಶ್ರಾಂತಿಯಲ್ಲಿರುವ ಬುಡವನ್ನು ಬೇಗ ಎಬ್ಬಿಸುತ್ತದೆ, ಬೆಳೆಯುವ ಕಾಲವನ್ನು ಹಿಗ್ಗಿಸುತ್ತದೆ. ಗಂಡಸರು ಸಾಮಾನ್ಯವಾಗಿ ಬಳಸುವುದು ಶೇ 5ರ ದ್ರಾವಣ, ದಿನಕ್ಕೆ ಎರಡು ಬಾರಿ, ಪ್ರತಿ ಸಲ 1 ಮಿಲಿಲೀಟರ್. 60 ಮಿಲಿಲೀಟರ್ ಬಾಟಲಿ ಸರಿಯಾಗಿ ಒಂದು ತಿಂಗಳಿಗೆ ಸಾಕು. ಎರಡು ತಿಂಗಳು ಬಂದರೆ ಹಚ್ಚುವುದರಲ್ಲಿ ಕಡಿಮೆಯಾಗಿದೆ ಎಂದರ್ಥ.

ಫಿನಾಸ್ಟೆರೈಡ್‌ನ ಕತೆ ಇನ್ನೂ ಸ್ವಾರಸ್ಯದ್ದು. ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆ ಕಂಡು ಪ್ರಾಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಟೆಸ್ಟೊಸ್ಟೆರೋನನ್ನು ಡಿಎಚ್‌ಟಿಗೆ ತಿರುಗಿಸುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು. ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು ಇದನ್ನು 1974ರಲ್ಲಿ ವರದಿ ಮಾಡಿದರು. ಆ ಗಂಡಸರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು, ನೆತ್ತಿಯ ಕೂದಲೂ ಉಳಿಯುತ್ತಿತ್ತು. ಆ ಕಿಣ್ವವನ್ನು ತಡೆಯುವ ಮಾತ್ರೆಯನ್ನು ಮರ್ಕ್ ಕಂಪನಿ ರೂಪಿಸಿತು. 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಮಾತ್ರೆ, 1997ರಲ್ಲಿ ಬೊಕ್ಕತನಕ್ಕೆ 1 ಮಿಲಿಗ್ರಾಂ ಮಾತ್ರೆ ಒಪ್ಪಿಗೆ ಪಡೆದವು.

1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 18ರಿಂದ 41 ವಯಸ್ಸಿನ 1,553 ಗಂಡಸರಿದ್ದರು. ಎರಡು ವರ್ಷದ ನಂತರ ಮಾತ್ರೆ ನುಂಗಿದವರಲ್ಲಿ ಶೇ 83 ಮಂದಿಯ ನೆತ್ತಿಯ ಕೂದಲಿನ ಎಣಿಕೆ ಕುಸಿಯಲಿಲ್ಲ. ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಹಾಗೆ ಉಳಿದವರು ಶೇ 28 ಮಾತ್ರ. ಈ ಅಂಕಿ ಹೇಳುವುದು ಮುಖ್ಯವಾಗಿ ಉಳಿಕೆಯನ್ನು. ಕೆಲವರಿಗೆ ಹೊಸ ದಟ್ಟಣೆಯೂ ಬರುತ್ತದೆ, ಆದರೆ ಔಷಧದ ಮೊದಲ ಕೆಲಸ ಇದ್ದದ್ದನ್ನು ಹಿಡಿದಿಡುವುದು. ಕೆರೆಯ ಏರಿ ಜಿನುಗುವಾಗ ಮಣ್ಣು ಹಾಕಿದರೆ ನೀರು ಉಳಿಯುತ್ತದೆ, ಒಡೆದ ಮೇಲೆ ಹಾಕಿದರೆ ಹರಿದದ್ದು ಮರಳುವುದಿಲ್ಲ. ಬೇಗ ಶುರು ಮಾಡಬೇಕೆಂಬ ವೈದ್ಯರ ಒತ್ತಾಯದ ಹಿಂದಿರುವುದು ಇಷ್ಟೇ.

ಮೊದಲ ಎರಡು ತಿಂಗಳ ಕಂಟಕ

ಮಿನಾಕ್ಸಿಡಿಲ್ ಹಚ್ಚಲು ತೊಡಗಿದ ಎರಡರಿಂದ ಎಂಟು ವಾರದಲ್ಲಿ ಕೆಲವರಿಗೆ ಕೂದಲು ಮೊದಲಿಗಿಂತ ಹೆಚ್ಚಾಗಿ ಉದುರುತ್ತದೆ. ಬುಡ ಎಚ್ಚೆತ್ತು ಹೊಸ ಎಳೆ ತಳ್ಳುವಾಗ, ವಿಶ್ರಾಂತಿಯಲ್ಲಿದ್ದ ಹಳೆಯ ಎಳೆ ಬಿದ್ದುಹೋಗಲೇಬೇಕು. ಔಷಧ ತಾಗಿದೆ ಎಂಬುದರ ಸೂಚನೆ ಅದು. ನೋಡುವವನಿಗೆ ಮಾತ್ರ ಅದು ಅನಾಹುತದಂತೆ ಕಾಣುತ್ತದೆ. ಅನೇಕರು ಬಾಟಲಿ ಎಸೆಯುವುದು ಇದೇ ಹೊತ್ತಿನಲ್ಲಿ. ಬರೆದುಕೊಟ್ಟವರು ಈ ಒಂದು ಸಂಗತಿಯನ್ನು ಮೊದಲೇ ಹೇಳಿದ್ದರೆ ಅರ್ಧದಷ್ಟು ಜನ ನಿಲ್ಲಿಸುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ನಾಲ್ಕನೆಯ ತಿಂಗಳ ಹೊತ್ತಿಗೆ ಉದುರುವಿಕೆ ತಗ್ಗಬೇಕು. ಆರನೆಯ ತಿಂಗಳಲ್ಲಿ ವ್ಯತ್ಯಾಸ ಕಾಣತೊಡಗಬಹುದು. ಫಲವಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಒಂದು ವರ್ಷ ಬೇಕು. ಹೊಸ ಎಳೆ ತಿಂಗಳಿಗೆ 1 ಸೆಂಟಿಮೀಟರ್ ಬೆಳೆಯುವಾಗ ಅದು ಪಕ್ಕದ ಕೂದಲಿನ ಉದ್ದಕ್ಕೆ ಬರಲೇ ಅಷ್ಟು ಕಾಲ ಹಿಡಿಯುತ್ತದೆ. ದಿನವೂ ಕನ್ನಡಿ ನೋಡಿದರೆ ಇದ್ಯಾವುದೂ ಕಾಣದು, ಆತಂಕ ಮಾತ್ರ ಬೆಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಅದೇ ಕೋನ, ಒಣಗಿದ ಕೂದಲು, ಹೀಗೆ ಫೋಟೊ ತೆಗೆದಿಡುವುದು ಒಳ್ಳೆಯ ದಾರಿ.

ಗೋವಾದ ಸೆಖೆಗೆ ಹೊಂದುವ ಕೆಲವು ಮಾತು. ಔಷಧ ಹಚ್ಚಬೇಕಾದ್ದು ನೆತ್ತಿಯ ಚರ್ಮಕ್ಕೆ, ಕೂದಲಿಗಲ್ಲ. ಚರ್ಮ ಒಣಗಿರಬೇಕು. ಹಚ್ಚಿದ ನಾಲ್ಕು ಗಂಟೆ ಸ್ನಾನ, ಈಜು ಬೇಡ. ಅಡುಗೆಮನೆಯ ಒಲೆಯ ಮುಂದೆ ನಿಲ್ಲುವವರು ಕೆಲಸ ಮುಗಿಸಿ, ಮಿಂದು, ತಲೆ ಒಣಗಿಸಿಕೊಂಡು ಹಚ್ಚುವುದು ಮೇಲು. ಹಾಸಿಗೆಗೆ ಹೋಗುವ ಮುನ್ನ ಅದು ಪೂರ್ತಿ ಆರಿರಬೇಕು. ದಿಂಬಿಗೆ ಅಂಟಿದರೆ ಮುಖದ ಮೇಲೆ, ಅದೇ ದಿಂಬು ಬಳಸುವವರ ಮೈಮೇಲೂ ಅನಗತ್ಯ ಕೂದಲು ಬರಬಹುದು. ಹಚ್ಚಿದ ಕೈ ತೊಳೆಯಬೇಕು. ಬೆಕ್ಕುಗಳಿಗೆ ಮಿನಾಕ್ಸಿಡಿಲ್ ಪ್ರಾಣಾಂತಿಕ ವಿಷ, ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ ಕಪಾಟಿನೊಳಗೇ ಇರಲಿ. ಒಂದು ಕೋಣೆಯಲ್ಲಿ ಐದಾರು ಜನ ಬದುಕುವಾಗ ದಿನಕ್ಕೆರಡು ಬಾರಿ ಇದನ್ನು ಮಾಡುವುದು ಸುಲಭವಲ್ಲ, ಹಂಗಿಸುವ ಗೆಳೆಯರೂ ಇರುತ್ತಾರೆ. ಅಂಥವರು ವೈದ್ಯರ ಬಳಿ ಇದನ್ನೂ ಹೇಳಿಕೊಳ್ಳಬೇಕು. ಈಚೆಗೆ ಕೆಲವು ಚರ್ಮವೈದ್ಯರು ಮಿನಾಕ್ಸಿಡಿಲ್ ಅನ್ನೇ ಅತಿ ಕಡಿಮೆ ಪ್ರಮಾಣದ ಮಾತ್ರೆಯಾಗಿ ಬರೆದುಕೊಡುತ್ತಾರೆ. ಅದು ರಕ್ತದೊತ್ತಡದ ಔಷಧ. ಕಾಲು ಊತ, ಎದೆಬಡಿತದ ಮೇಲೆ ಕಣ್ಣಿಡಬೇಕು, ಸ್ವಂತ ಬುದ್ಧಿಯಿಂದ ನುಂಗಬಾರದು.

ಅಡ್ಡಪರಿಣಾಮದ ಮಾತು

ಫಿನಾಸ್ಟೆರೈಡ್ ಬಗ್ಗೆ ಎರಡು ಅತಿಗಳು ಓಡಾಡುತ್ತಿವೆ. ಏನೂ ಆಗುವುದಿಲ್ಲ ಎಂಬುದೊಂದು, ಗಂಡಸುತನವೇ ಹೋಗುತ್ತದೆ ಎಂಬುದಿನ್ನೊಂದು. ಮೂಲ ಪರೀಕ್ಷೆಗಳಲ್ಲಿ ಆಸಕ್ತಿ ಕುಂದುವುದು, ಉದ್ರೇಕದ ತೊಂದರೆಯಂಥ ದೂರುಗಳು ಮಾತ್ರೆ ನುಂಗಿದವರಲ್ಲಿ ಶೇ 3.8 ಇದ್ದವು, ಹುಸಿ ಮಾತ್ರೆಯವರಲ್ಲಿ ಶೇ 2.1. ಹೆಚ್ಚಿನವರಿಗೆ ಮಾತ್ರೆ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟ ಮೇಲೂ ತೊಂದರೆ ಉಳಿಯಿತೆಂದು ಹೇಳಿದವರಿದ್ದಾರೆ, ಅವರ ಮಾತನ್ನು ಭ್ರಮೆ ಎಂದು ತಳ್ಳಿಹಾಕಬಾರದು. ಇಟಲಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಾಸ್ಟೇಟ್ ರೋಗಿಗಳಿಗೆ ಇದೇ ಔಷಧ ಕೊಡಲಾಯಿತು. ಲೈಂಗಿಕ ತೊಂದರೆಯ ಸಾಧ್ಯತೆಯನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದವರಲ್ಲಿ ಶೇ 43.6 ಮಂದಿ ಅದನ್ನು ವರದಿ ಮಾಡಿದರು, ತಿಳಿಯದವರಲ್ಲಿ ಶೇ 15.3. ಭಯಕ್ಕೂ ಒಂದು ಪಾಲಿದೆ ಎಂದು ಇದು ತೋರಿಸುತ್ತದೆ. ಹಾಗೆಂದು ರೋಗಿಯಿಂದ ಮುಚ್ಚಿಡುವುದು ನನಗೆ ನ್ಯಾಯವಾಗಿ ಕಾಣದು.

ಮನಸ್ಸಿನ ವಿಷಯ ಇನ್ನೂ ಗಂಭೀರ. ಆತ್ಮಹತ್ಯೆಯ ಯೋಚನೆ ಫಿನಾಸ್ಟೆರೈಡ್ ಮಾತ್ರೆಯ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ 2025ರಲ್ಲಿ ದೃಢಪಡಿಸಿತು. ಅದು ಎಷ್ಟು ಜನರಲ್ಲಿ ಆಗುತ್ತದೆಂದು ಲೆಕ್ಕ ಸಿಕ್ಕಿಲ್ಲ. ಹಿಂದೆ ಖಿನ್ನತೆಯಿಂದ ಬಳಲಿದವರು ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆ ಶುರುವಾದ ಮೇಲೆ ಮನಸ್ಸು ಮಂಕಾದರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಮನೆಯವರಿಂದ ದೂರವಿದ್ದು ಒಂಟಿಯಾಗಿ ದುಡಿಯುವ ಹುಡುಗನ ವಿಷಯದಲ್ಲಿ ಇದನ್ನು ಎರಡು ಪಟ್ಟು ಒತ್ತಿ ಹೇಳಬೇಕು, ಅವನ ಮುಖ ಬಾಡಿದ್ದನ್ನು ಗಮನಿಸುವವರು ಹತ್ತಿರ ಇರುವುದಿಲ್ಲ.

ಮಕ್ಕಳಾಗಬೇಕೆಂದಿರುವವರು ಮುಂಚಿತವಾಗಿ ಕೇಳಿಕೊಳ್ಳಲಿ, ಕೆಲವರಲ್ಲಿ ವೀರ್ಯಾಣುಗಳ ಸಂಖ್ಯೆ ತಗ್ಗಬಹುದು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅದು ಅಡ್ಡಿ. ರಕ್ತದಾನ ಮಾಡುವವರು ಮಾತ್ರೆ ಬಿಟ್ಟು ಕನಿಷ್ಠ ಒಂದು ತಿಂಗಳು ಕಾಯಬೇಕು. ಫಿನಾಸ್ಟೆರೈಡನ್ನು ದ್ರಾವಣದಲ್ಲಿ ಬೆರೆಸಿ ಹಚ್ಚಿದರೆ ಅಪಾಯವೇ ಇಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. ಚರ್ಮದ ಮೂಲಕ ಅದು ರಕ್ತ ಸೇರುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2025ರ ಏಪ್ರಿಲ್‌ನಲ್ಲಿ ಈ ಬಗ್ಗೆಯೇ ಎಚ್ಚರಿಕೆ ಹೊರಡಿಸಿದರು. ಆನ್‌ಲೈನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಗುರುತಿಸಿ, ಯಾರ ಮುಖವನ್ನೂ ನೋಡದೆ ತರಿಸಿಕೊಳ್ಳುವ ಔಷಧ ಇದಲ್ಲ.

ಎಣ್ಣೆ, ವಿಟಮಿನ್, ಕಸಿ

ತೆಂಗಿನೆಣ್ಣೆ ಎಳೆಯೊಳಗೆ ಇಳಿದು ಪ್ರೋಟೀನ್ ಸೋರಿಕೆ ತಡೆಯುತ್ತದೆಂದು ಮುಂಬೈನ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಅಮ್ಮ ಹಚ್ಚುತ್ತಿದ್ದ ಎಣ್ಣೆ ವ್ಯರ್ಥವಲ್ಲ, ಕೂದಲು ಮುರಿಯುವುದು ಕಡಿಮೆಯಾಗುತ್ತದೆ. ಡಿಎಚ್‌ಟಿಯನ್ನು ಮಾತ್ರ ಅದು ತಡೆಯದು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದ ಗಿಡಮೂಲಿಕೆ ಎಣ್ಣೆ ಈಗ ದೇಶದಾದ್ಯಂತ ಹೆಸರಾಗಿದೆ. ಅಲೆಮಾರಿಗಳಾಗಿದ್ದ ಕುಟುಂಬಗಳಿಗೆ ಅದು ಅನ್ನ ಕೊಟ್ಟಿದೆ, ಅದು ಸಂತೋಷದ ಸಂಗತಿ. ಆನುವಂಶಿಕ ಬೊಕ್ಕತನಕ್ಕೆ ಔಷಧವೆಂದು ಅದನ್ನು ನೆಚ್ಚಿ ಎರಡು ವರ್ಷ ಕಳೆದರೆ, ಔಷಧ ಕೆಲಸ ಮಾಡಬಹುದಾಗಿದ್ದ ಕಾಲ ಕೈಜಾರುತ್ತದೆ. ನಮ್ಮ ದೇಶದ ಔಷಧ ನಿಯಮಗಳ ಅನುಸೂಚಿ 'ಜೆ'ಯಲ್ಲಿ ಬೊಕ್ಕತನವೂ ಇದೆ: ಅದನ್ನು ತಡೆಯುತ್ತೇವೆ, ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಗೋಡೆಯ ಮೇಲಿನ 'ಗ್ಯಾರಂಟಿ' ಬರಹಗಳನ್ನು ಈ ಬೆಳಕಿನಲ್ಲಿ ಓದಬೇಕು.

ಬಯೋಟಿನ್ ಮಾತ್ರೆ ಕೊರತೆ ಇದ್ದವರಿಗಷ್ಟೇ ಉಪಯೋಗ. ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪು ಬರಬಹುದು. ಚಿಕ್ಕ ವಯಸ್ಸಿನಲ್ಲೇ ಬೊಕ್ಕತನ ಬಂದವರಲ್ಲಿ ಬೊಜ್ಜು, ರಕ್ತದೊತ್ತಡ, ಸಕ್ಕರೆಯ ತೊಂದರೆ ಹೆಚ್ಚಾಗಿ ಕಂಡುಬಂದಿರುವುದರಿಂದ ಆ ಪರೀಕ್ಷೆಗಳಿಗೆ ದುಡ್ಡು ಹಾಕುವುದು ಲೇಸು.

ಇನ್ನು ಕೂದಲ ಕಸಿ. ಹಿಂದಲೆಯಿಂದ ಕಿತ್ತು ಮುಂದೆ ನೆಡುವ ಈ ಶಸ್ತ್ರಚಿಕಿತ್ಸೆಗೆ ಸಿಗುವ ಬುಡಗಳು ಮಿತಿಯುಳ್ಳವು. ಇಪ್ಪತ್ತೆರಡಕ್ಕೇ ಹಣೆಯ ಗೆರೆ ತುಂಬಿಸಿಕೊಂಡು ಔಷಧ ಬಿಟ್ಟರೆ, ನೆಟ್ಟ ಕೂದಲು ಉಳಿದು ಅದರ ಹಿಂದಿನದು ಉದುರುತ್ತ ಹೋಗುತ್ತದೆ. ಮೂವತ್ತರಲ್ಲಿ ಮತ್ತೆ ನೆಡಲು ಹಿಂದಲೆಯಲ್ಲಿ ಸಾಲದೆ ಹೋಗಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿ, ಇದನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ವಿಡಿಯೊ ನೋಡಿ, ಕಾರ್ಯಾಗಾರಕ್ಕೆ ಹೋಗಿ ಕಲಿತರೆ ಸಾಲದು ಎಂದು ಹೇಳಿದೆ. ಕಡಿಮೆ ದರದ ಕ್ಲಿನಿಕ್ಕಿಗೆ ಮುಂಗಡ ಕೊಡುವ ಮೊದಲು ಕತ್ತರಿ ಹಿಡಿಯುವವರು ಯಾರೆಂದು ಕೇಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ.

ನಿಲ್ಲಿಸುವುದಾದರೆ

ಔಷಧ ಹಿಡಿಯುವುದೆಂದರೆ ವರ್ಷಗಳ ಒಪ್ಪಂದ. ಮಿನಾಕ್ಸಿಡಿಲ್ ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟೆರೈಡ್ ಬಿಟ್ಟರೆ ಸುಮಾರು ಒಂದು ವರ್ಷದಲ್ಲಿ ಗಳಿಸಿದ್ದು ಹೋಗುತ್ತದೆ. ಔಷಧ ಬಿಟ್ಟಿದ್ದರಿಂದ ತಲೆ ಇನ್ನಷ್ಟು ಹಾಳಾಯಿತು ಎಂಬ ಮಾತು ನಿಜವಲ್ಲ, ಔಷಧವೇ ಇಲ್ಲದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ಬಂದು ನಿಲ್ಲುತ್ತದೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವವರು ಬಾಟಲಿ ಮರೆತರೆ ಒಂದೆರಡು ದಿನಕ್ಕೆ ಏನೂ ಆಗದು. ಮರೆತದ್ದಕ್ಕೆ ಎರಡರಷ್ಟು ಹಚ್ಚುವುದು ಬೇಡ. ತಿಂಗಳುಗಟ್ಟಲೆ ಇರುವುದಾದರೆ ಚೀಲದಲ್ಲಿ ಇನ್ನೊಂದು ಬಾಟಲಿ ಇರಬೇಕು.

ಖರ್ಚು, ಕಿರಿಕಿರಿ, ಅಡ್ಡಪರಿಣಾಮ ತೂಗಿ ನೋಡಿ ತನಗಿದು ಬೇಡ ಎನ್ನುವವನ ನಿರ್ಧಾರವೂ ಸರಿಯಾದದ್ದೇ. ಇದು ಪ್ರಾಣಕ್ಕೆ ಎರವಾಗುವ ರೋಗವಲ್ಲ, ಚಿಕಿತ್ಸೆ ಬೇಡವೆಂದು ಸಣ್ಣಗೆ ಕತ್ತರಿಸಿಕೊಂಡು ಓಡಾಡುವವರನ್ನು ಯಾವ ವೈದ್ಯರೂ ತಡೆಯುವುದಿಲ್ಲ. ಎರಡೂ ಔಷಧ ಬಳಸುತ್ತಿರುವವರು ನಿಲ್ಲಿಸಬೇಕೆನಿಸಿದರೆ ಒಂದೊಂದಾಗಿ, ನಡುವೆ ಕೆಲವು ತಿಂಗಳು ಬಿಟ್ಟು ನಿಲ್ಲಿಸಿದರೆ ಕೂದಲು ಯಾವುದರಿಂದ ನಿಂತಿತ್ತು ಎಂಬುದು ಗೊತ್ತಾಗುತ್ತದೆ. ಅಡ್ಡಪರಿಣಾಮ ಕಾಣಿಸಿಕೊಂಡಿದ್ದರೆ ಆ ಲೆಕ್ಕಾಚಾರ ಬೇಡ, ತೊಂದರೆ ಕೊಟ್ಟದ್ದನ್ನು ಅಂದೇ ಬಿಟ್ಟು ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು.